ಕಾರ್ಬನ್ ಮೊನಾಕ್ಸೈಡ್ ಅಲಾರಂ: ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಯಲ್ಲಿ ಒಂದು ಮಳೆಗಾಲ

ಮೊದಲೇ ಹೇಳಿಬಿಡುತ್ತೇನೆ, ಬೆಂಕಿ ಸರಿಯಾಗಿ ಉರಿಯದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಯನ್ನು ಅಳೆದು ಕೂಗುವ ಈ ಡಬ್ಬಿ ನನಗೆ ಇಷ್ಟವಾಗಿದೆ. ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಇಷ್ಟವಾದದ್ದು ಅದರ ಕೂಗಿಗಿಂತ ಜಾಸ್ತಿ, ಪರದೆಯ ಮೇಲೆ ಕಾಣುವ ಅಂಕಿಗಾಗಿ. ಕೂಗು ಕೊನೆಗೆ ಬರುತ್ತದೆ. ಅಂಕಿ ಅದಕ್ಕಿಂತ ಎಷ್ಟೋ ಮೊದಲೇ ಕಾಣುತ್ತದೆ. ಅಂಕಿ ತೋರಿಸದ ಅಲಾರಂ ಇನ್ನೂ ಅಗ್ಗಕ್ಕೆ ಸಿಗುತ್ತದೆ, ಆದರೆ ನಮ್ಮ ಕಡೆಯ ಮನೆಗಳಿಗೆ ಅದನ್ನು ನಾನು ಹೇಳುವುದಿಲ್ಲ. ಯಾಕೆ ಅಂತ ಮುಂದೆ ಬರೆಯುತ್ತೇನೆ.

ವಸ್ತು ಹೀಗಿದೆ. ಬಿಳಿ ಬಣ್ಣ, ಅಂಗೈ ಅಗಲ, ಒಳಗೆ ಪೆನ್ಸಿಲ್ ಸೆಲ್ಲು. ಮುಂದೆ ಸಣ್ಣ ಪರದೆ, ಒಂದು ಟೆಸ್ಟ್ ಬಟನ್, ಇನ್ನೊಂದು ಬಟನ್ ಒತ್ತಿದರೆ ಹಿಂದೆ ಯಾವಾಗಲಾದರೂ ಅತಿ ಹೆಚ್ಚು ಎಷ್ಟಕ್ಕೆ ಹೋಗಿತ್ತು ಅಂತ ತೋರಿಸುತ್ತದೆ. ಬೆನ್ನ ಮೇಲೆ ಇಎನ್ 50291 ಎಂದು ಅಚ್ಚಾಗಿದೆ. ಮನೆಯಲ್ಲಿ ಬಳಸುವ ಇಂಥ ಅಲಾರಂಗಳಿಗೆ ಯುರೋಪಿನವರು ಮಾಡಿದ ನಿಯಮದ ನಂಬರು ಅದು. ಅಮೆರಿಕದ್ದಾದರೆ ಯುಎಲ್ 2034 ಎಂದಿರುತ್ತದೆ. ಬೆಲೆ 3,500 ರೂಪಾಯಿಯ ಆಸುಪಾಸು, ಆನ್‌ಲೈನ್‌ನಲ್ಲಿ ತರಿಸಿದ್ದು. ಕಂಪನಿಯ ಹೆಸರು ಬರೆಯುವುದಿಲ್ಲ. ಇವತ್ತು ಸಿಗುವ ಮಾಡೆಲ್ ನಾಳೆ ಸಿಗದು. ಬೆನ್ನ ಮೇಲಿನ ಆ ನಂಬರು ನೋಡಿ ತೆಗೆದುಕೊಂಡರೆ ಸಾಕು.

ತರಿಸಿದ್ದು ಮಗಳ ಬಾಣಂತನಕ್ಕಾಗಿ. ಹೆರಿಗೆ ಮಳೆಗಾಲದಲ್ಲಿ ಅಂತ ಗೊತ್ತಾದ ಕೂಡಲೇ ಅಳಿಯ ಬೆಂಗಳೂರಿನಿಂದ ಫೋನ್ ಮಾಡಿ, "ಅತ್ತೆ, ಏನು ಬೇಕಾದರೂ ಮಾಡಿ, ಕೋಣೆಯೊಳಗೆ ಕೆಂಡ ಮಾತ್ರ ಬೇಡ" ಎಂದಿದ್ದರು. ಅವರಿಗೆ ತಲೆಯಲ್ಲಿ ಇದ್ದದ್ದು ನೇಪಾಳದ ಆ ಘಟನೆ. 2020ರ ಜನವರಿಯಲ್ಲಿ ಕೇರಳದಿಂದ ಪ್ರವಾಸ ಹೋದವರು ದಾಮನ್ ಎಂಬಲ್ಲಿ ರಾತ್ರಿ ತಂಗಿದ್ದರು. ಚಳಿಗೆ ಗ್ಯಾಸ್ ಹೀಟರ್ ಹಚ್ಚಿ, ಬಾಗಿಲು ಕಿಟಕಿ ಹಾಕಿ ಮಲಗಿದರು. ಬೆಳಿಗ್ಗೆ ಎಂಟು ಮಂದಿ ಏಳಲಿಲ್ಲ, ಅದರಲ್ಲಿ ನಾಲ್ಕು ಮಕ್ಕಳು. ಆಗ ನಮ್ಮಲ್ಲಿ ಮಲಯಾಳ ಚಾನೆಲು ಹಾಕಿದರೆ ಅದೇ ಸುದ್ದಿ. ಆದರೂ ಎಲ್ಲರೂ ಅದನ್ನು ಹಿಮಾಲಯದ ಚಳಿಯ ಕಥೆ ಅಂತಲೇ ತಿಳಿದುಕೊಂಡರು. ಬದಿಯಡ್ಕದಲ್ಲಿ ಅಂಥ ಚಳಿ ಎಲ್ಲಿದೆ, ಅಲ್ವಾ? ಚಳಿ ಇಲ್ಲ ನಿಜ. ಆದರೆ ಆಟಿ ತಿಂಗಳಲ್ಲಿ ಎರಚಲು ಮಳೆಗೆ ಹಗಲಿಡೀ ಕಿಟಕಿ ಹಾಕಿಕೊಂಡು ಕೂರುವವರು ನಾವು. ಒಳಗೆ ಬೆಂಕಿಗೂ ಕೊರತೆ ಇಲ್ಲ.

ಮೊದಲು ಕಾಸರಗೋಡು ಪೇಟೆಯಲ್ಲಿ ವಿಚಾರಿಸಿದೆ. ಒಂದು ದೊಡ್ಡ ಎಲೆಕ್ಟ್ರಿಕ್ ಅಂಗಡಿಯಲ್ಲಿ ಹುಡುಗ ಒಂದು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟ. "ಟೀಚರೇ, ಗ್ಯಾಸಿಗೆ ಇದೇ. ಎಲ್ಲರೂ ಇದನ್ನೇ ಕೊಂಡೋಗುವುದು." ನೋಡಿದರೆ ಅದು ಎಲ್‌ಪಿಜಿ ಸೋರಿದರೆ ಕೂಗುವ ಯಂತ್ರ. "ಇದಲ್ಲ ಮಗಾ, ಇದು ಸಿಲಿಂಡರಿನ ಗ್ಯಾಸಿಗೆ. ನನಗೆ ಬೇಕಾದ್ದು ಬೆಂಕಿ ಸರಿಯಾಗಿ ಉರಿಯದಿದ್ದರೆ ಬರುತ್ತದಲ್ಲ, ಅದಕ್ಕೆ" ಎಂದೆ. ಅವನು ಯಜಮಾನರನ್ನು ಕರೆದ. ಯಜಮಾನರೂ ಅದನ್ನೇ ಹೊಗಳಿದರು.

ಈ ಗೊಂದಲ ಬಹಳ ಮಂದಿಗೆ ಇದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲ್‌ಪಿಜಿ ಅಂದರೆ ಇನ್ನೂ ಉರಿಯದ ಇಂಧನ. ಅದು ಗಾಳಿಗಿಂತ ಭಾರ, ನೆಲದಲ್ಲಿ ಹರಡಿಕೊಂಡು ಕೂರುತ್ತದೆ. ಆ ಯಂತ್ರವನ್ನು ನೆಲದಿಂದ ಒಂದು ಅಡಿ ಎತ್ತರದಲ್ಲಿ ಹಾಕಬೇಕು. ಜೊತೆಗೆ ವಾಸನೆ ಬರಲಿ ಅಂತ ಕಂಪನಿಯವರೇ ಅದಕ್ಕೆ ಒಂದು ಕೆಟ್ಟ ನಾತದ ವಸ್ತು ಬೆರೆಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡ್ ಹಾಗಲ್ಲ. ಕಟ್ಟಿಗೆ, ತೆಂಗಿನ ಗೆರಟೆ, ಇದ್ದಿಲು, ಪೆಟ್ರೋಲು, ಗ್ಯಾಸು, ಯಾವುದೇ ಇರಲಿ, ಸಾಕಷ್ಟು ಗಾಳಿ ಸಿಗದೆ ಉರಿದಾಗ ಹುಟ್ಟುವಂಥದ್ದು. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಗಾಳಿಯಷ್ಟೇ ತೂಕ, ಒಂಚೂರು ಹಗುರವೇ ಅನ್ನಿ. ಹಾಗಾಗಿ ಇಡೀ ಕೋಣೆಯಲ್ಲಿ ಬೆರೆತುಬಿಡುತ್ತದೆ. ಒಂದಕ್ಕೆ ಮಾಡಿದ ಯಂತ್ರ ಇನ್ನೊಂದನ್ನು ಹಿಡಿಯುವುದಿಲ್ಲ. ಎರಡೂ ಬೇಕಾದರೆ ಎರಡೂ ತೆಗೆದುಕೊಳ್ಳಬೇಕು.

ನಾನು ಆನ್‌ಲೈನ್‌ನಲ್ಲಿ ಹುಡುಕುತ್ತಿರುವಾಗ ಮೈದುನ ತಾನೇ ಮುಂದಾಗಿ ಒಂದನ್ನು ತಂದುಕೊಟ್ಟ. 800 ರೂಪಾಯಿ ಅಂತೆ. ಪರದೆ ದೊಡ್ಡದು, ಹಸಿರು ನೀಲಿ ದೀಪ, ನೋಡಲು ಭಾರೀ ಚಂದ. ಬೆನ್ನ ಮೇಲೆ ಯಾವ ನಂಬರೂ ಇಲ್ಲ, ತಯಾರಾದ ದಿನಾಂಕವೂ ಇಲ್ಲ. ಮೊಮ್ಮಗುವನ್ನು ಎತ್ತಿಕೊಳ್ಳುವ ಮೊದಲು ಎಲ್ಲರೂ ಕೈಗೆ ಸ್ಯಾನಿಟೈಸರ್ ಹಾಕಿಕೊಳ್ಳುತ್ತಿದ್ದರಲ್ಲ, ಅದರ ಹತ್ತಿರ ಹೋದರೆ ಇದು 200 ತೋರಿಸಿ ಕೂಗುತ್ತಿತ್ತು. ಬಚ್ಚಲಿನ ಒಲೆಯ ಬಾಯಿಯ ಹತ್ತಿರ ಹಿಡಿದರೆ ಸೊನ್ನೆ. ಈಗ ಅದು ಮೈದುನನ ಮಗನ ಆಟದ ಸಾಮಾನು. ಇಂಥದ್ದು ಮನೆಯಲ್ಲಿ ಇಲ್ಲದಿರುವುದೇ ವಾಸಿ. ಇದ್ದರೆ ಧೈರ್ಯ ಬರುತ್ತದೆ, ಆ ಧೈರ್ಯವೇ ಅಪಾಯ.

ಸರಿಯಾದದ್ದು ಬಂದಮೇಲೆ ಎಲ್ಲರಿಗೂ ಪರೀಕ್ಷೆ ಮಾಡುವ ಉಮೇದು. ಒಬ್ಬರು ಅಗರಬತ್ತಿ ಹಿಡಿದರು. ಇನ್ನೊಬ್ಬರು ಬೀಡಿ ಹೊಗೆ ಬಿಟ್ಟರು. ಕೂಗಲಿಲ್ಲ. "3,500 ನೀರಿಗೆ ಹಾಕಿದ ಹಾಗೆ" ಎಂದು ತೀರ್ಪೂ ಬಂತು. ಆದರೆ ಅದು ಹೊಗೆಗೆ ಕೂಗುವ ಯಂತ್ರವೇ ಅಲ್ಲ. ಇನ್ನೊಂದು, ಅದು ಬೇಕೆಂದೇ ತಡ ಮಾಡುತ್ತದೆ. ನಿಯಮದ ಪ್ರಕಾರ ಗಾಳಿಯಲ್ಲಿ 30 ಪಿಪಿಎಂ ಇದ್ದರೆ ಎರಡು ಗಂಟೆಯೊಳಗೆ ಕೂಗಲೇಬಾರದು. 50 ಇದ್ದರೆ 60ರಿಂದ 90 ನಿಮಿಷದ ನಡುವೆ ಕೂಗಬೇಕು. 100 ಇದ್ದರೆ 10ರಿಂದ 40 ನಿಮಿಷ. 300 ದಾಟಿದರೆ ಮೂರು ನಿಮಿಷದೊಳಗೆ. ಪಿಪಿಎಂ ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಅಂತ.

ತಡ ಯಾಕೆ? ಈ ವಿಷ ಕೆಲಸ ಮಾಡುವುದೇ ಸಮಯದ ಲೆಕ್ಕದಲ್ಲಿ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕದ ಜಾಗದಲ್ಲಿ ತಾನು ಕೂತು ಬೇಗ ಏಳುವುದೇ ಇಲ್ಲ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದವರ ಹಾಗೆ. ಸ್ವಲ್ಪ ಇದ್ದರೆ ನಿಧಾನವಾಗಿ ತುಂಬುತ್ತದೆ, ಜಾಸ್ತಿ ಇದ್ದರೆ ಬೇಗ. ಒಗ್ಗರಣೆ ಸೀದದ್ದಕ್ಕೆಲ್ಲ ಕೂಗಿದರೆ ಜನ ಸೆಲ್ಲು ತೆಗೆದು ಬಿಸಾಡುತ್ತಾರೆ ಅಂತ ಈ ಲೆಕ್ಕಕ್ಕೆ ಸರಿಯಾಗಿ ಕೂಗನ್ನು ಇಟ್ಟಿದ್ದಾರೆ. ಗಟ್ಟಿಮುಟ್ಟಾದ ದೊಡ್ಡವರನ್ನು ಸಾವಿನಿಂದ ಉಳಿಸಲು ಈ ಲೆಕ್ಕ ಸಾಕು. ಬಾಣಂತಿಗೆ, ಕೂಸಿಗೆ, ಹೃದಯದ ತೊಂದರೆ ಇರುವ ಮುದುಕರಿಗೆ ಸಾಕೇ? ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗಿನ ಗಾಳಿಗೆ ಹೇಳಿದ ಮಿತಿ ಒಂದು ಗಂಟೆಗೆ ಘನ ಮೀಟರಿಗೆ 35 ಮಿಲಿಗ್ರಾಂ, ಅಂದರೆ ಸುಮಾರು 30 ಪಿಪಿಎಂ. ಎಂಟು ಗಂಟೆಗಾದರೆ 10 ಮಿಲಿಗ್ರಾಂ, ಸುಮಾರು 9 ಪಿಪಿಎಂ. ಕೂಗು ಬರುವ ಮೊದಲೇ ಈ ಮಿತಿಗಳು ದಾಟಿಹೋಗಬಹುದು. ಪರದೆ ಇರಲೇಬೇಕು ಅಂತ ನಾನು ಹೇಳಿದ್ದು ಇದಕ್ಕೇ.

ಈಗ ಕೆಂಡದ ವಿಷಯ. ನಮ್ಮತ್ತೆಗೆ 84 ವರ್ಷ. ಬಾಣಂತಿ ಕೋಣೆಯಲ್ಲಿ ಮಡಕೆಯಲ್ಲಿ ಗೆರಟೆ ಕೆಂಡ ಇರಬೇಕು, ಮಗು ಮಿಂದು ಬಂದಮೇಲೆ ಸಾಂಬ್ರಾಣಿ ಹಾಕಿ ತಲೆಗೆ ಹೊಗೆ ಹಿಡಿಯಬೇಕು ಎಂಬುದು ಅವರ ಪಟ್ಟು. ಬಾಣಂತನಕ್ಕೆ ಬಂದ ಅಕ್ಕನೂ ಅವರ ಪಕ್ಷ. "ನನ್ನ ಐದು ಮಕ್ಕಳೂ ಹೊಗೆಯಲ್ಲೇ ಬೆಳೆದದ್ದು. ಯಾರಿಗೆ ಏನಾಗಿದೆ ಹೇಳು?" ಎಂದರು ಅತ್ತೆ. ವಾದ ಮಾಡಿ ಗೆಲ್ಲುವ ಹಾಗಿರಲಿಲ್ಲ. ಮಗಳನ್ನೂ ಮಗುವನ್ನೂ ಚಾವಡಿಗೆ ಕರೆದುಕೊಂಡು ಬಂದು, ಖಾಲಿ ಕೋಣೆಯಲ್ಲಿ ಕೆಂಡದ ಮಡಕೆ ಇಟ್ಟೆವು. ಡಬ್ಬಿಯನ್ನು ಮಂಚದ ಮೇಲೆ, ದಿಂಬಿನ ಪಕ್ಕ. ಕಿಟಕಿ ಎರಚಲಿಗೆ ಹಾಕಿದ ಹಾಗೇ ಇತ್ತು. ಬಾಗಿಲು ಎಳೆದುಕೊಂಡು ಹೊರಗೆ ಕಾಫಿ ಕುಡಿದೆವು.

ಕಾಫಿ ಮುಗಿಸಿ ಇಣುಕಿದಾಗ ಅಂಕಿ 64. ಹೊಗೆಯ ಸುಳಿವಿಲ್ಲ. ಕೆಂಡ ಹದವಾಗಿ ಕೆಂಪಗಿತ್ತು, ಕೋಣೆ ಬೆಚ್ಚಗಿತ್ತು. ಅಲಾರಂ ಸುಮ್ನೆ ಇತ್ತು, ನಿಯಮದ ಪ್ರಕಾರ ಅದು ಸುಮ್ಮನಿರಬೇಕಾದದ್ದೇ. ಅತ್ತೆಗೆ ಓದಲು ಬರುತ್ತದೆ, ಕನ್ನಡಕ ಹಾಕಿಕೊಂಡು ಅಂಕಿ ನೋಡಿದರು. "ಎಷ್ಟಿರಬೇಕು?" ಎಂದು ಕೇಳಿದರು. ಸೊನ್ನೆ ಎಂದೆ. ಕೆಂಡ ಅಂಗಳಕ್ಕೆ ಹೋಯಿತು.

ಹೊಗೆ ಕಾಣುವ ಬೆಂಕಿಗಿಂತ ಕೆಂಡ ಒಳ್ಳೆಯದು ಅನ್ನುವುದು ನಮ್ಮಲ್ಲಿ ತುಂಬಾ ಹಳೆಯ ನಂಬಿಕೆ. ಹೊಗೆಯಾದರೆ ಕಣ್ಣುರಿದು ಜನ ಎದ್ದು ಹೋಗುತ್ತಾರೆ. ಕೆಂಡ ಹಾಗೆ ಎಬ್ಬಿಸುವುದಿಲ್ಲ, ಆದರೆ ಕಾರ್ಬನ್ ಮೊನಾಕ್ಸೈಡನ್ನು ಧಾರಾಳವಾಗಿ ಬಿಡುತ್ತದೆ. ಇನ್ನು ಅತ್ತೆಯ ಮಾತಿಗೂ ಉತ್ತರ ಇದೆ. ಅವರ ಮಕ್ಕಳು ಬೆಳೆದದ್ದು ಹಂಚಿನ ಮನೆಯಲ್ಲಿ. ಹಂಚಿನ ಸಂದು, ಗೋಡೆಗೂ ಮಾಡಿಗೂ ನಡುವಿನ ತೆರಪು, ಮರದ ಬಾಗಿಲಿನ ಅಡಿಯ ಜಾಗ, ಎಲ್ಲ ಕಡೆಯಿಂದಲೂ ಗಾಳಿ ಓಡಾಡುತ್ತಿತ್ತು. ಈಗಿನದ್ದು ಟೆರೇಸು ಮನೆ. ಅಲ್ಯೂಮಿನಿಯಂ ಜಾರು ಕಿಟಕಿ, ಸೊಳ್ಳೆ ಬರಬಾರದು ಅಂತ ರಬ್ಬರು ಪಟ್ಟಿ, ಎ.ಸಿ. ಹಾಕುವಾಗ ಮುಚ್ಚಿದ ವೆಂಟಿಲೇಟರು. ಮನೆ ಬದಲಾಯಿತು, ಬೆಂಕಿ ಮಾತ್ರ ಅದೇ ಹಳೆಯದು.

ಹಳೆ ಬಚ್ಚಲು ಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಂಡೆ, ಒಲೆ, ಅಡಿಕೆ ಸಿಪ್ಪೆ, ಸೋಗೆ, ಎಲ್ಲ ಇನ್ನೂ ಇದೆ. ಬಾಣಂತಿ ಸ್ನಾನ ಅಲ್ಲೇ. ಒಲೆಯ ಬಾಯಿ ಹೊರಗಡೆಗೆ ಇರುವುದರಿಂದ ಒಳಗೆ ಅಂಕಿ ಹತ್ತು ಹದಿನೈದು ದಾಟಲಿಲ್ಲ. ಯಾರು ಕಟ್ಟಿದರೋ, ಬುದ್ಧಿವಂತರು. ಒಲೆಯ ಬಾಯಿ ಒಳಗೇ ಇರುವ ಬಚ್ಚಲಾದರೆ ಮೀಯುವಾಗ ಬಾಗಿಲು ಸ್ವಲ್ಪ ತೆರೆದಿರಲಿ, ಮಾಡಿನಲ್ಲಿ ಹೊಗೆ ಹೋಗುವ ದಾರಿ ಇರಲಿ.

ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಮಾಳಿಗೆಯ ಗ್ಯಾಸ್ ಗೀಸರು. ಮಾಳಿಗೆಯಲ್ಲಿ ಇಬ್ಬರು ಕಾಲೇಜು ಉಪನ್ಯಾಸಕಿಯರು ಬಾಡಿಗೆಗೆ ಇದ್ದಾರೆ. ಅವರ ಬಾತ್‌ರೂಮಿನ ಒಳಗೇ ಗೋಡೆಯಲ್ಲಿ ಗೀಸರು ಇತ್ತು, ಹೊಗೆ ಕೊಳವೆ ಇಲ್ಲದ ಮಾದರಿ. ಮನೆ ಕಟ್ಟುವಾಗ ಪ್ಲಂಬರು ಪೈಪು ಕಡಿಮೆ ಸಾಕಾಗುತ್ತದೆ ಅಂತ ಅಲ್ಲೇ ಕೂರಿಸಿ ಹೋಗಿದ್ದರು. ಅದರ ಪುಸ್ತಕದಲ್ಲಿ ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವಲ್ಲಿ ಹಾಕಿ ಅಂತ ಬರೆದೇ ಇದೆ.

ಒಂದು ಲೆಕ್ಕ ಮಾಡಿ ನೋಡಿ, ನಾನು ಎಂಟನೇ ತರಗತಿಯ ಮಕ್ಕಳಿಗೆ ಕೊಡುತ್ತಿದ್ದಂಥ ಲೆಕ್ಕವೇ. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿಯ ಆಮ್ಲಜನಕ ಬೇಕು. ನಿಮಿಷಕ್ಕೆ ಆರು ಲೀಟರ್ ನೀರು ಬಿಸಿ ಮಾಡುವ ಗೀಸರು ಗಂಟೆಗೆ ಸುಮಾರು ಒಂದು ಕಿಲೋ ಗ್ಯಾಸು ಉರಿಸುತ್ತದೆ. ಕಾಲು ಗಂಟೆ ಸ್ನಾನ ಅಂದರೆ ಕಾಲು ಕಿಲೋ, ಅಂದರೆ ಮೂರು ಘನ ಮೀಟರಿಗೂ ಜಾಸ್ತಿ ಗಾಳಿ. ಐದು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರದ ಬಾತ್‌ರೂಮಿನಲ್ಲಿ ಇರುವ ಗಾಳಿಯೇ ಏಳು ಘನ ಮೀಟರಿಗಿಂತ ಕಡಿಮೆ. ಹತ್ತಿರ ಹತ್ತಿರ ಅರ್ಧದಷ್ಟು ಗಾಳಿಯನ್ನು ಗೀಸರೇ ತಿಂದುಹಾಕುತ್ತದೆ. ಆಮ್ಲಜನಕ ಕಮ್ಮಿಯಾದಂತೆ ಬೆಂಕಿ ಅರೆಬರೆ ಉರಿಯುತ್ತದೆ. ಅಲ್ಲಿಂದ ಮುಂದೆ ಈ ವಿಷ ಹುಟ್ಟುವುದು ಹೆಚ್ಚುತ್ತಾ ಹೋಗುತ್ತದೆ.

ಇಬ್ಬರೂ ಕೆಲಸಕ್ಕೆ ಹೋದಾಗ ಅವರ ಒಪ್ಪಿಗೆ ಪಡೆದು ನೋಡಿದೆವು. ಯಾರೂ ಒಳಗಿಲ್ಲದೆ, ನಲ್ಲಿ ಬಿಟ್ಟು, ವೆಂಟಿಲೇಟರಿನ ಗಾಜು ಮುಚ್ಚಿ, ಡಬ್ಬಿಯನ್ನು ಒಳಗೆ ಸ್ಟೂಲಿನ ಮೇಲಿಟ್ಟು ಬಾಗಿಲು ಎಳೆದುಕೊಂಡೆವು. ನೀರು ಒಂದೆರಡು ಬಕೆಟ್ ತುಂಬುವಷ್ಟರಲ್ಲಿ ಏನೂ ಇಲ್ಲ. ಆಮೇಲೆ ಏರಲು ಶುರುವಾಯಿತು. ಬಾಗಿಲ ಸಂದಿನಿಂದ ನೋಡುತ್ತಿದ್ದ ಇವರು "ನೂರು ದಾಟಿತು" ಎಂದರು. ಇನ್ನೂ ಸ್ವಲ್ಪ ಹೊತ್ತಿಗೆ ಡಬ್ಬಿ ಮೊದಲ ಸಲ ಕೂಗಿತು. ನಾಲ್ಕು ಸಲ ಬೀಪ್, ಸ್ವಲ್ಪ ಬಿಡುವು, ಮತ್ತೆ ನಾಲ್ಕು. 85 ಡೆಸಿಬೆಲ್ ಅಂತ ಪೆಟ್ಟಿಗೆಯಲ್ಲಿ ಬರೆದದ್ದು ಸುಳ್ಳಲ್ಲ, ಕೆಳಗೆ ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದವರು ತಲೆಯೆತ್ತಿ ನೋಡಿದರು. ಗ್ಯಾಸು ಬಂದ್ ಮಾಡಿ, ಉಸಿರು ಬಿಗಿಹಿಡಿದು ಬಾಗಿಲು ದೂಡಿ, ಅಂಗಳಕ್ಕೆ ಇಳಿದು ಕೂತೆವು. ದಯವಿಟ್ಟು ನೀವು ಮನೆಯಲ್ಲಿ ಈ ಪ್ರಯೋಗ ಮಾಡಬೇಡಿ. ನಮ್ಮ ಗೀಸರಿನ ಅಂಕಿಯೇ ಸಾಕಲ್ಲ.

ಗೀಸರು ಮಾರುವವರು "ಸೇಫ್ಟಿ ಇದೆ ಮೇಡಂ" ಅನ್ನುತ್ತಾರೆ. ಇದೆ, ಸುಳ್ಳಲ್ಲ. ಬೆಂಕಿ ಆರಿದರೆ ಗ್ಯಾಸು ನಿಲ್ಲಿಸುವ ವ್ಯವಸ್ಥೆ ಅದು. ಕೆಲವದರಲ್ಲಿ 20 ನಿಮಿಷ ಆದಮೇಲೆ ತಾನಾಗಿ ಆಫ್ ಆಗುತ್ತದೆ. ಎರಡೂ ಕಾರ್ಬನ್ ಮೊನಾಕ್ಸೈಡನ್ನು ಅಳೆಯುವುದಿಲ್ಲ. ಆರಾಮವಾಗಿ ಉರಿಯುತ್ತಲೇ ಕೊಲ್ಲುವ ಬೆಂಕಿಗೆ ಈ ಸೇಫ್ಟಿಯಿಂದ ಏನೂ ಆಗುವುದಿಲ್ಲ.

ಗೀಸರನ್ನು ಕಿತ್ತು ಹೊರಗಿನ ಬಾಲ್ಕನಿಯ ಗೋಡೆಗೆ ಹಾಕಿಸಿದೆವು. ಬಿಸಿನೀರಿನ ಪೈಪು ಮಾತ್ರ ಒಳಕ್ಕೆ. ಬರ್ನರಿನಲ್ಲಿ ಮಸಿಯೂ ಜೇಡರ ಬಲೆಯೂ ಕಟ್ಟಿತ್ತು, ಮೊದಲು ಹಳದಿ ನಾಲಗೆ ಹೊರಡುತ್ತಿದ್ದ ಬೆಂಕಿ ಈಗ ನೀಲಿಯಾಗಿದೆ. ಪೈಪು, ಕೂಲಿ ಎಲ್ಲ ಸೇರಿ ಅಲಾರಂನ ಬೆಲೆಗಿಂತ ಜಾಸ್ತಿ ಆಯಿತು. ಕೈಯಲ್ಲಿ ಇರುವುದು ಒಂದು ಕೆಲಸಕ್ಕೆ ಆಗುವಷ್ಟೇ ದುಡ್ಡು ಅಂತಾದರೆ, ಈ ಡಬ್ಬಿ ಬಿಟ್ಟು ಗೀಸರನ್ನು ಹೊರಗೆ ಹಾಕಿಸಿ. ಅಲಾರಂನ ವಿಮರ್ಶೆಯಲ್ಲಿ ಇದನ್ನು ಬರೆಯುವುದು ತಮಾಷೆಯಾಗಿ ಕಾಣಬಹುದು, ಆದರೂ ಅದೇ ಸರಿ.

ಇನ್ನು ಜನರೇಟರು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ರಾತ್ರಿಯಿಡೀ ಕರೆಂಟಿಲ್ಲ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ಇದು, ಜನರೇಟರನ್ನು ಬಯಲಲ್ಲಿ ಇಡಲು ಯಾರಿಗೂ ಮನಸ್ಸು ಬಾರದು. ಎಲ್ಲರ ಮನೆಯಲ್ಲೂ ಅದು ಕಾರು ಪೋರ್ಚಿನಲ್ಲಿ, ಇಲ್ಲವೇ ಸಿಟೌಟಿನ ಮೂಲೆಯಲ್ಲಿ. ನಮ್ಮದೂ ಪೋರ್ಚಿನಲ್ಲಿತ್ತು, ಅದರ ಮೇಲೆ ಮುಂದಿನ ಕೋಣೆಯ ಕಿಟಕಿ. ಒಂದು ರಾತ್ರಿ ಚಾವಡಿಯಲ್ಲಿದ್ದ ಡಬ್ಬಿ 40 ತೋರಿಸುತ್ತಿತ್ತು. ಪೆಟ್ರೋಲ್ ವಾಸನೆಯೂ ಇರಲಿಲ್ಲ.

ವಡಗರದ ಸುದ್ದಿ ನೆನಪಿದೆಯೇ? 2024ರ ಡಿಸೆಂಬರಿನಲ್ಲಿ ರಸ್ತೆಬದಿ ನಿಂತಿದ್ದ ಕಾರವಾನಿನಲ್ಲಿ ಇಬ್ಬರು ಸತ್ತು ಸಿಕ್ಕಿದ್ದರು. ಜನರೇಟರಿನ ಹೊಗೆ ಒಳಗೆ ನುಗ್ಗಿತ್ತು. ಕೋಯಿಕ್ಕೋಡಿನ ಎನ್‌ಐಟಿಯ ತಜ್ಞರು ಅದೇ ವಾಹನದಲ್ಲಿ ಜನರೇಟರು ಓಡಿಸಿ ಅಳೆದಾಗ ಎರಡು ಗಂಟೆಯಲ್ಲಿ 957 ಪಿಪಿಎಂ ಬಂದಿತ್ತು. 300ಕ್ಕೆ ಮೂರು ನಿಮಿಷದೊಳಗೆ ಕೂಗುವ ಒಂದು ಡಬ್ಬಿ ಅಲ್ಲಿ ಇದ್ದಿದ್ದರೆ ಅವರು ಎದ್ದು ಬಾಗಿಲು ತೆರೆಯಬಹುದಿತ್ತೋ ಏನೋ.

ಜನರೇಟರು ಮನೆಯಿಂದ ಕನಿಷ್ಠ 20 ಅಡಿ ದೂರ ಇರಬೇಕು, ಹೊಗೆ ಕೊಳವೆ ಮನೆಗೆ ಬೆನ್ನು ಹಾಕಿರಬೇಕು ಎಂಬುದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಹೇಳುವ ಮಾತು. ನಾವು ಅಡಿಕೆ ಒಣಗಿಸುವ ಅಂಗಳದ ಆಚೆಗಿನ ಶೆಡ್ಡಿಗೆ ಸಾಗಿಸಿದೆವು. ಮೂರು ಕಡೆ ಗೋಡೆಯಿಲ್ಲ, ಮೇಲೆ ತಗಡು ಇದೆ. ಉದ್ದದ ವಯರು ಎಳೆಯಬೇಕಾಯಿತು. ಕತ್ತಲಲ್ಲಿ ಕೊಡೆ ಹಿಡಿದು ಹೋಗಿ ಹಗ್ಗ ಎಳೆಯುವುದು ಇವರ ಕೆಲಸ, ಅದರ ಬಗ್ಗೆ ಅವರ ಗೊಣಗಾಟ ಇನ್ನೂ ನಿಂತಿಲ್ಲ.

ಕೂಗಿದರೆ ಏನು ಮಾಡಬೇಕು ಅಂತ ಪುಸ್ತಕದಲ್ಲಿ ಏಳೆಂಟು ಯುರೋಪಿನ ಭಾಷೆಗಳಲ್ಲಿ ಇದೆ. ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ನಾನೇ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ಅಂಟಿಸಿದ್ದೇನೆ. ಎಲ್ಲರೂ ಕೂಡಲೇ ಅಂಗಳಕ್ಕೆ. ಹೋಗುವ ದಾರಿಯಲ್ಲಿ ಕೈಗೆ ಸಿಗುವ ಬಾಗಿಲು ಕಿಟಕಿ ತೆರೆಯಿರಿ, ಅದಕ್ಕಾಗಿ ಒಳಗೆ ನಿಲ್ಲಬೇಡಿ. ತಲೆನೋವು, ತಲೆಸುತ್ತು, ವಾಕರಿಕೆ ಇದ್ದರೆ 108ಕ್ಕೆ ಫೋನ್. ಯಾರಾದರೂ ಒಳಗೆ ಬಿದ್ದಿದ್ದರೆ 101. ಕೂಗು ನಿಂತಿತು ಅಂತ ವಾಪಸು ಹೋಗಿ ಮಲಗಬೇಡಿ.

ಆಸ್ಪತ್ರೆಗೆ ಹೋದರೆ "ಕೋಣೆಯಲ್ಲಿ ಕೆಂಡ ಇತ್ತು", "ಗ್ಯಾಸ್ ಗೀಸರು ಉರಿಯುತ್ತಿತ್ತು" ಅಂತ ನೀವಾಗಿಯೇ ಬಾಯಿಬಿಟ್ಟು ಹೇಳಬೇಕು. ಇದರ ಲಕ್ಷಣ ನೋಡಿದರೆ ಶೀತಜ್ವರದ ಹಾಗೆ, ಆದರೆ ಜ್ವರ ಇರುವುದಿಲ್ಲ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ಹೊರಗೆ ಹೋದರೆ ಕಮ್ಮಿ, ಒಳಗೆ ಬಂದರೆ ಮತ್ತೆ ಶುರು ಅಂತಾದರೆ ಅನುಮಾನ ಪಡಿ. ಕೊರೋನ ಕಾಲದಲ್ಲಿ ತಂದ ಆಕ್ಸಿಮೀಟರು ಎಲ್ಲರ ಮನೆಯಲ್ಲೂ ಇದೆಯಲ್ಲ, ಅದನ್ನು ಬೆರಳಿಗೆ ಸಿಕ್ಕಿಸಿ 98 ಬಂತು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಆಮ್ಲಜನಕ ಹೊತ್ತ ರಕ್ತಕ್ಕೂ ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತಕ್ಕೂ ಆ ಯಂತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ರಕ್ತ ತೆಗೆದು ಬೇರೆ ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುವುದು. ಸುಮ್ನೆ ಹೊರಗಿನ ಗಾಳಿ ಕುಡಿದರೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್ ಹಾಕಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ. ಆಸ್ಪತ್ರೆಗೆ ಹೋಗಿ ಪ್ರಯೋಜನ ಇದೆಯೇ ಅಂತ ಕೇಳುವವರಿಗೆ ಇದೇ ಉತ್ತರ.

ಕಿರಿಕಿರಿಗಳೂ ಇವೆ, ಅದಕ್ಕೇ ಐದಕ್ಕೆ ಐದು ಕೊಡಲಿಲ್ಲ. ಪರದೆಗೆ ಬೆಳಕಿಲ್ಲ, ರಾತ್ರಿ ಟಾರ್ಚ್ ಹಾಕಿ ನೋಡಬೇಕು. ಹತ್ತರ ಒಳಗಿನ ಅಂಕಿಯನ್ನು ನಮ್ಮದು ಸೊನ್ನೆ ಅಂತಲೇ ತೋರಿಸುತ್ತದೆ, ಹಾಗಾಗಿ ಸೊನ್ನೆ ಕಂಡರೆ ಗಾಳಿ ಅಪ್ಪಟ ಅಂತ ಅರ್ಥವಲ್ಲ. ಟೆಸ್ಟ್ ಬಟನ್ ಒತ್ತಿದರೆ ಸೆಲ್ಲು, ಕೂಗುವ ಭಾಗ, ಒಳಗಿನ ಸರ್ಕ್ಯೂಟು ಸರಿಯಿದೆ ಅಂತ ಮಾತ್ರ ಗೊತ್ತಾಗುತ್ತದೆ, ಗಾಳಿ ಹಿಡಿಯುವ ಸೆನ್ಸರಿನ ಸಂಗತಿ ಅದರಿಂದ ತಿಳಿಯದು. ಸೆಲ್ಲು ಇಳಿದಾಗ ನಿಮಿಷಕ್ಕೊಮ್ಮೆ ಸಣ್ಣಗೆ ಚಿಕ್ ಅನ್ನುತ್ತದೆ. ನಮ್ಮತ್ತೆ ಅದನ್ನು ಹಲ್ಲಿ ಲೊಚಗುಟ್ಟಿದ್ದು ಎಂದುಕೊಂಡು ಯಾವ ದಿಕ್ಕಿನಿಂದ ಎಂದು ಶಕುನ ನೋಡುತ್ತಾ ಕೂತಿದ್ದರು. ದಿಕ್ಕು ಶುಭದ್ದೇ ಇತ್ತಂತೆ.

ಇನ್ನೊಂದು ಸಂಗತಿ ತುಂಬಾ ಜನರಿಗೆ ಉಪಯೋಗವಾದೀತು. ಮೊದಲಿಗೆ ಡಬ್ಬಿಯನ್ನು ಮೆಟ್ಟಿಲ ಕೆಳಗೆ, ಇನ್ವರ್ಟರಿನ ಮೇಲಿನ ಗೂಡಿನಲ್ಲಿ ಇಟ್ಟಿದ್ದರು ಇವರು. ಕರೆಂಟು ಬಂದು ಬ್ಯಾಟರಿ ಚಾರ್ಜ್ ಆಗುವಾಗ ಅಂಕಿ ಏರುತ್ತಿತ್ತು, ಎಲ್ಲೂ ಬೆಂಕಿಯಿಲ್ಲ. ನೀರು ಹಾಕುವ ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಈ ಸೆನ್ಸರಿಗೆ ಹೈಡ್ರೋಜನ್ ಕೂಡ ಕಾರ್ಬನ್ ಮೊನಾಕ್ಸೈಡಿನ ಹಾಗೇ ಕಾಣುತ್ತದೆ. ಇನ್ವರ್ಟರಿನಿಂದ ದೂರ ಇಡಿ. ಹಾಗಂತ ಕೂಗಿದಾಗಲೆಲ್ಲ ಬ್ಯಾಟರಿಯದ್ದೇ ಅಂತ ಬಿಡುವ ಹಾಗಿಲ್ಲ, ಮೊದಲು ಹೊರಗೆ ಹೋಗಿ, ಆಮೇಲೆ ಕಾರಣ ಹುಡುಕಿ. ವಾರ್ನಿಷು, ಪೇಂಟು ಹೊಡೆಸುವಾಗಲೂ ತೆಗೆದು ಬೇರೆ ಕಡೆ ಇಡುವುದು ಒಳ್ಳೆಯದು.

ಈಗ ಅದು ಮಗಳ ಕೋಣೆಯಲ್ಲಿ ಮಂಚದ ತಲೆದೆಸೆಯಿಂದ ಸ್ವಲ್ಪ ಆಚೆ, ಮಲಗಿದವರ ಮೂಗಿನ ಎತ್ತರಕ್ಕಿದೆ. ಮಲಗುವ ಕೋಣೆಗೆ ಹಾಗೆ. ಬೆಂಕಿ ಇರುವ ಕೋಣೆಗೆ ಹಾಕುವುದಾದರೆ ಒಲೆಯಿಂದ ಒಂದರಿಂದ ಮೂರು ಮೀಟರ್ ದೂರ ಇರಬೇಕು. ಪರದೆ ಬಟ್ಟೆಯ ಹಿಂದೆ, ಬೀರುವಿನ ಮೂಲೆಯಲ್ಲಿ, ಫ್ಯಾನಿನ ನೇರಕ್ಕೆ, ಕಿಟಕಿಯ ಪಕ್ಕದಲ್ಲಿ ಬೇಡ. ಬಾತ್‌ರೂಮಿನ ಒಳಗೂ ಬೇಡ, ಆವಿಗೆ ಹಾಳಾಗುತ್ತದೆ. ನಮ್ಮ ಕಡೆ ಇರುವೆಗಳೂ ಅದರ ತೂತಿನೊಳಗೆ ಸಂಸಾರ ಹೂಡಲು ನೋಡುತ್ತವೆ, ತಿಂಗಳಿಗೊಮ್ಮೆ ಒಣ ಬ್ರಷ್ಷಿನಲ್ಲಿ ಒರೆಸಿದರೆ ಆಯಿತು.

ವಿದ್ಯುತ್ ಒಲೆ, ವಿದ್ಯುತ್ ಗೀಸರು ಮಾತ್ರ ಇದ್ದು ಜನರೇಟರು, ಕೆಂಡ, ಒಲೆ ಏನೂ ಇಲ್ಲದ ಮನೆಯವರಿಗೆ ಇದು ಬೇಕಾಗಿಲ್ಲ, ದುಡ್ಡು ಉಳಿಸಿ. ಕೆಂಡ, ಕಟ್ಟಿಗೆ ಒಲೆ, ಗ್ಯಾಸ್ ಗೀಸರು, ಜನರೇಟರು, ಈ ನಾಲ್ಕರಲ್ಲಿ ಒಂದಿದ್ದರೂ ತೆಗೆದುಕೊಳ್ಳಿ. ಬಾಡಿಗೆಗೆ ಕೊಡುವವರಂತೂ ಬಾಡಿಗೆಯವರು ಕೇಳುವ ಮೊದಲೇ ಹಾಕಿಸಿಕೊಡಿ. ನಾನು ಮಾಳಿಗೆಗೆ ಇನ್ನೊಂದು ತರಿಸಿದೆ. ಅದು ಬಂದಾಗ ಬೆನ್ನು ತಿರುಗಿಸಿ ನೋಡಿದರೆ ತಯಾರಾಗಿ ಮೂರು ವರ್ಷ ಆಗಿತ್ತು. ಇಂಥವುಗಳ ಸೆನ್ಸರಿಗೆ ಏಳು ವರ್ಷವೋ ಹತ್ತು ವರ್ಷವೋ ಆಯುಸ್ಸು, ಯಾವಾಗ ಬದಲಿಸಬೇಕು ಅಂತ ಬೆನ್ನಲ್ಲೇ ಬರೆದಿರುತ್ತದೆ. ಗೋದಾಮಿನಲ್ಲಿ ಕೂತಿದ್ದ ವರ್ಷಗಳಿಗೆ ನಾವ್ಯಾಕೆ ದುಡ್ಡು ಕೊಡಬೇಕು? ವಾಪಸು ಕಳಿಸಿ ಹೊಸ ದಿನಾಂಕದ್ದನ್ನೇ ತರಿಸಿಕೊಂಡೆ. ಪೆಟ್ಟಿಗೆ ಬಿಸಾಡುವ ಮೊದಲು ನೀವೂ ಆ ದಿನಾಂಕ ನೋಡಿ.